‘ಒಂದು ಶತಮಾನ’ ಬೋರ್ಡೋ ದ್ರಾವಣ: ಕರಪತ್ರ ಬರೆಯುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕೃಷಿ ಕರಪತ್ರಗಳನ್ನು ಬರೆಯುವ, ಬರೆಯಿಸುವ, ಅಚ್ಚಿಗೆ ಹೋಗಲಿ ಎಂದು ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಎದುರು ಒಂದು ಕರಪತ್ರವಿದೆ. ಒಳ್ಳೆಮೆಣಸಿನ ಸೊರಗು ರೋಗದ ಬಗ್ಗೆ. ಕನ್ನಡದಲ್ಲಿದೆ ಎಂದು ಹೇಳಬೇಕು, ಏಕೆಂದರೆ ಅಕ್ಷರಗಳು ಕನ್ನಡದವು. ಅದರ ನಾಲ್ಕನೆಯ ಸಾಲು ಹೀಗಿದೆ: ‘ಒಂದು ಶತಮಾನ ಬೋರ್ಡೋ ಮಿಶ್ರಿತವನ್ನು ಕೊಡಿಗಳಿಗೆ ಸಿಂಪಡಿಸಬೇಕು.’

ಪಕ್ಕದ ತೋಟದ ಹಿರಿಯರಿಗೆ ಇದನ್ನು ಓದಿ ಹೇಳಿದೆ. ಎಂಬತ್ತು ದಾಟಿದವರು. ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಶತಮಾನ ಸಿಂಪಡಿಸಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ, ನೀನು ಬೇಕಾದರೆ ಶುರು ಮಾಡು’ ಎಂದರು.

ಮಲಯಾಳದಲ್ಲಿ ‘ಶತಮಾನಂ’ ಎಂದರೆ ಶೇಕಡಾ. ಕನ್ನಡದಲ್ಲಿ ಶತಮಾನ ಎಂದರೆ ನೂರು ವರ್ಷ. ಮೂಲದಲ್ಲಿದ್ದ ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಲಿಪಿ ಬದಲಿಸಿಕೊಂಡು ಬರುವಾಗ ನೂರು ವರ್ಷದ ದ್ರಾವಣವಾಗಿದೆ. ನಗು ಬರುವ ಸಂಗತಿ ನಿಜ, ನಾವೂ ನಕ್ಕೆವು. ಆದರೆ ನಾಲ್ಕು ಮಳೆಗಾಲಗಳ ಹಿಂದೆ ಇದೇ ಬಗೆಯ ಒಂದು ಪದ ಆ ಹಿರಿಯರ ತೋಟದಲ್ಲಿ ನಲವತ್ತು ಬಳ್ಳಿಗಳನ್ನು ತಿಂದಿದೆ. ಆ ಕಥೆ ಹೇಳುವ ಮೊದಲು ನಾನು ಯಾರು, ಎಲ್ಲಿಂದ ಬರೆಯುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪೂರ್ವದ ಅಂಚಿನ ಒಂದು ಬೈಲಿನಲ್ಲಿ ನನ್ನ ತೋಟ. ಕೆಳಗೆ ಅಡಿಕೆ, ನಡುನಡುವೆ ತೆಂಗು, ಹತ್ತಿರ ಹತ್ತಿರ ಇನ್ನೂರೈವತ್ತು ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ. ಮೇಲಿನ ಗುಡ್ಡದ ಸುರಂಗದಿಂದ ನೀರು. ಸುರಂಗ ಎಂದರೆ ಏನೆಂದು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಲಯಾಳ ಚೆನ್ನಾಗಿಯೇ ಮಾತನಾಡುತ್ತೇನೆ. ಓದುವುದು ಮಾತ್ರ ಬಸ್ಸಿನ ಬೋರ್ಡಿನಿಂದ ಕಲಿತ ವಿದ್ಯೆ: ಊರಿನ ಹೆಸರು ಓದಿ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಮೆಣಸಿನ ವಿಷಯದಲ್ಲಿ ನಮ್ಮ ಮೂರು ಭಾಷೆಗಳೂ ಒಂದೇ ಮಾತು ಆಡುತ್ತವೆ. ಕನ್ನಡದಲ್ಲಿ ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ನಲ್ಲಮುಳಕ್. ಮೂರರ ಅರ್ಥವೂ ‘ಒಳ್ಳೆಯ ಮೆಣಸು’. ಪೋರ್ಚುಗೀಸರು ಅಮೆರಿಕದ ಮೆಣಸಿನಕಾಯಿಯನ್ನು ಕರಾವಳಿಗೆ ಇಳಿಸಿದ ಮೇಲೆ ಹಳೆಯದನ್ನು ಬೇರೆ ಮಾಡಿ ಹೇಳಬೇಕಾಗಿ ಬಂದು, ‘ಅದಲ್ಲ, ಒಳ್ಳೆಯದು’ ಎಂದು ಮೂವರೂ ಹೇಳಿರಬೇಕು. ಕರ್ನಾಟಕದ ಕರಪತ್ರಗಳಲ್ಲಿ ಕಾಳುಮೆಣಸು, ಕರಿಮೆಣಸು ಎಂದಿರುತ್ತದೆ, ಅದೂ ಸರಿಯೇ. ನಿಮ್ಮ ಈ ಕರಪತ್ರದಲ್ಲಿ ಮಾತ್ರ ‘ಕಪ್ಪು ಮೆಣಸು’ ಎಂದಿದೆ. ಅದನ್ನು ನಮ್ಮಲ್ಲಿ ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ.

ಈಗ ಆ ನಲವತ್ತು ಬಳ್ಳಿಗಳು.

ಆ ವರ್ಷ ಮೇ ಕೊನೆಗೇ ಮಳೆ ಹಿಡಿದಿತ್ತು. ಒಂದು ಸಭೆಯಲ್ಲಿ ಹಂಚಿದ ಮಲಯಾಳದ ಕರಪತ್ರ ನನ್ನ ಕೈಗೆ ಬಂತು. ಹಿರಿಯರು ಫೋನಿನಲ್ಲಿ ಕೇಳಿದರು: ‘ಮೆಣಸಿಗೆ ಏನು ಮಾಡಬೇಕಂತೆ?’ ನಾನು ಅಕ್ಷರ ಕೂಡಿಸುತ್ತಾ ಓದಿದೆ. ‘ಕೊಡಿಯುಡೆ ಚುವಟ್ಟಿಲ್’ ಎಂದಿತ್ತು. ಎರಡನೆಯ ಪದ ನನಗೆ ಬಗೆಹರಿಯಲಿಲ್ಲ. ಮೊದಲನೆಯದು ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡೆ. ‘ಕೊಡಿಗೆ ಮದ್ದು ಬಿಡಬೇಕಂತೆ’ ಎಂದೆ.

ಮೆಣಸಿನ ಮಾತಿಗೆ ಬಂದರೆ ಪುಸ್ತಕದ ಮಲಯಾಳದಲ್ಲಿ ‘ಕೊಡಿ’ ಎಂದರೆ ಇಡೀ ಬಳ್ಳಿ. ‘ಚುವಡು’ ಎಂದರೆ ಬುಡ. ಬಳ್ಳಿಯ ಬುಡಕ್ಕೆ ಎಂಬುದು ಅದರ ಅರ್ಥ. ನಮ್ಮ ಕನ್ನಡದಲ್ಲಿ ಕೊಡಿ ಎಂದರೆ ತುದಿ, ಎಳೆಯ ಚಿಗುರು. ಊಟಕ್ಕೆ ಕೊಡಿಬಾಳೆಲೆ ಹಾಕುವವರು ನಾವು. ಹಿರಿಯರು ಒಂಟಿ ಬಿದಿರಿನ ಏಣಿ ಇಡಿಸಿ, ಕೂಲಿ ಕೊಟ್ಟು, ಎಪ್ಪತ್ತು ಬಳ್ಳಿಗಳ ತುದಿಗಳಿಗೆ ಶ್ರದ್ಧೆಯಿಂದ ಮದ್ದು ಬಿಡಿಸಿದರು. ಬುಡ ಹಾಗೆಯೇ ಉಳಿಯಿತು. ರೋಗ ಕೂತಿದ್ದದ್ದು ಬುಡದಲ್ಲಿ.

ತಪ್ಪಿನಲ್ಲಿ ಅರ್ಧ ನನ್ನದು. ತಿಳಿಯದ ಪದವನ್ನು ತಿಳಿದವರಲ್ಲಿ ಕೇಳಬೇಕಿತ್ತು. ಉಳಿದ ಅರ್ಧದ ಬಗ್ಗೆ ಈ ಪತ್ರ.

ಶೀಘ್ರ ಸೊರಗು ರೋಗ ಹೇಗೆ ಬರುತ್ತದೆ ಎಂದು ಪುಸ್ತಕಗಳಲ್ಲಿ ನೀವು ಓದಿದ್ದೀರಿ, ನಾವು ತೋಟದಲ್ಲಿ ನೋಡಿದ್ದೇವೆ. ಫೈಟಾಫ್ತೊರಾ ಎಂಬ ಜೀವಿ ಮಣ್ಣಿನಲ್ಲಿ ಇರುತ್ತದೆ. ಅದರ ಬೀಜಕಣಗಳಿಗೆ ನೀರಿನಲ್ಲಿ ಈಜುವ ಶಕ್ತಿಯಿದೆ. ಮಳೆ ಹನಿ ನೆಲಕ್ಕೆ ಬಡಿದು ಮಣ್ಣು ಸಿಡಿದಾಗ ಮೊದಲು ಕೆಳಗಿನ ಎಲೆಗಳಿಗೆ, ನೆಲದ ಮೇಲೆ ಹರಿದ ಹಬ್ಬು ಬಳ್ಳಿಗಳಿಗೆ ತಗಲುತ್ತದೆ. ಎಲೆಯಲ್ಲಿ ಕಪ್ಪು ಮಚ್ಚೆ, ಅಂಚು ನೂಲು ಬಿಚ್ಚಿದ ಬಟ್ಟೆಯ ಹಾಗೆ. ಅದು ಎಲೆಯಲ್ಲೇ ಇದ್ದರೆ ಬಳ್ಳಿ ಬದುಕಬಹುದು. ಬುಡದ ಕುತ್ತಿಗೆಗೆ ಇಳಿಯಿತೋ, ಎರಡು ಮೂರು ವಾರಗಳಲ್ಲಿ ಎಲೆ ಬಾಡಿ, ಗೊಂಚಲು ಉದುರಿ, ಗಂಟುಗಂಟಿಗೆ ಕಳಚಿ ಬೀಳುತ್ತದೆ. ಬೆಳಿಗ್ಗೆ ಕಾಲುದಾರಿಯಲ್ಲಿ ಹಸಿರು ಗೊಂಚಲುಗಳು ಹಾಸಿ ಬಿದ್ದಿರುವುದನ್ನು ನೋಡಿದವನಿಗೆ ಮತ್ತೆ ಯಾವ ಚಿತ್ರವೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿಲು ಕಾಣದ ದಿನಗಳಲ್ಲಿ, ಅದರ ಸುಗ್ಗಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅಡಿಕೆಗೆ ಕೊಳೆರೋಗ ತರುವುದೂ ಇದೇ ಫೈಟಾಫ್ತೊರಾ ಕುಲದ್ದು. ಒಂದೇ ಮನೆತನದ ಇಬ್ಬರು ಕಳ್ಳರು: ಒಬ್ಬ ಮರದ ತಲೆಯಲ್ಲಿ, ಇನ್ನೊಬ್ಬ ಅದೇ ಮರಕ್ಕೆ ಹಬ್ಬಿದ ಬಳ್ಳಿಯ ಕಾಲಿನಲ್ಲಿ.

ಇಲ್ಲೇ ನಿಮಗೆ ಒಂದು ಅನುಕೂಲವಿತ್ತು, ನೀವು ಬಳಸಿಕೊಳ್ಳಲಿಲ್ಲ. ಬೋರ್ಡೋ ದ್ರಾವಣ ಅಡಿಕೆಯವರಿಗೆ ಹೊಸತಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಅದನ್ನು ಹೇಳಿಕೊಟ್ಟು ನೂರು ವರ್ಷ ದಾಟಿತು. (ನಿಮ್ಮ ಕರಪತ್ರದ ‘ಒಂದು ಶತಮಾನ ಬೋರ್ಡೋ’ ಆ ಲೆಕ್ಕದಲ್ಲಿ ಸರಿಯೇ.) ಮೈಲುತುತ್ತು, ಸುಣ್ಣ, ನೀರು ಎಂದರೆ ನಮ್ಮಲ್ಲಿ ಹತ್ತು ವರ್ಷದ ಹುಡುಗನೂ ಪ್ರಮಾಣ ಹೇಳುತ್ತಾನೆ. ಆದರೆ ಲಿಪಿ ಬದಲಿಸಿದ ಕರಪತ್ರದಲ್ಲಿ ಮೈಲುತುತ್ತು ಇಲ್ಲ, ‘ತುರಿಶು ಒಂದು ಕಿಲೋ’ ಇದೆ. ತುರಿಸಿದರೆ ನಾವು ಕೆರೆದುಕೊಳ್ಳುತ್ತೇವೆ, ಕಿಲೋ ಲೆಕ್ಕದಲ್ಲಿ ಅಲ್ಲ. ಸುಣ್ಣ ಇಲ್ಲ, ‘ನೀಟುಕಕ್ಕ ಒಂದು ಕಿಲೋ’ ಇದೆ. ಮಲಯಾಳದಲ್ಲಿ ಅದು ಚಿಪ್ಪು ಸುಟ್ಟು ಮಾಡಿದ ಸುಣ್ಣ. ತುಳುವಿನಲ್ಲಿ ಕಕ್ಕೆ ಎಂದರೆ ಕಾಗೆ. ನನ್ನ ಮೊಮ್ಮಗಳು ಓದಿ, ‘ಅಜ್ಜ, ಒಂದು ಕಿಲೋ ನೀಟಾದ ಕಾಗೆ ಎಲ್ಲಿ ಸಿಗುತ್ತದೆ?’ ಎಂದು ಕೇಳಿದಳು.

ಹೀಗೆ ಬರೆದವರು ಮಲಯಾಳಿಯೋ ಕನ್ನಡಿಗರೋ ನನಗೆ ತಿಳಿಯದು. ಯಾರೇ ಆಗಲಿ, ಅವರು ತೋಟಕ್ಕೆ ಇಳಿದವರಲ್ಲ ಎಂಬುದು ಖಾತ್ರಿ. ಕನ್ನಡದಲ್ಲಿ ಬೇಕು ಎಂದು ನಾವು ಅರ್ಜಿ ಕೊಟ್ಟೆವು. ಕೊಟ್ಟದ್ದಕ್ಕೆ ಉತ್ತರವಾಗಿ ಬಂದದ್ದು ಇದು. ಅರ್ಜಿಗೆ ಬೆಲೆ ಕೊಟ್ಟಿದ್ದೀರಿ, ಅದಕ್ಕೆ ಕೃತಜ್ಞ. ಆದರೆ ಮಲಯಾಳದ ಕರಪತ್ರವಾಗಿದ್ದರೆ ತಿಳಿಯಲಿಲ್ಲ ಎಂದು ಪಕ್ಕದವರಲ್ಲಿ ಕೇಳುತ್ತಿದ್ದೆ. ಇದು ಕನ್ನಡದ ವೇಷ ಹಾಕಿದ್ದರಿಂದ ತಿಳಿಯಿತು ಎಂದುಕೊಂಡು ತೋಟಕ್ಕೆ ಹೋಗುವವರಿದ್ದಾರೆ. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ನೀವೇ ಹೇಳಿ.

ಶೇಕಡಾ ಎಂಬುದು ಸಣ್ಣ ಪದವಲ್ಲ. ಬೋರ್ಡೋದಲ್ಲೇ ಎರಡು ಇದೆ. ಸಿಂಪಡಿಸುವುದು ಶೇಕಡಾ 1ರದ್ದು: ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬುಡಕ್ಕೆ ಬಳಿಯುವ ಮುಲಾಮು ಶೇಕಡಾ 10ರದ್ದು: ಅದೇ ಒಂದು ಕಿಲೋ, ಒಂದು ಕಿಲೋ, ನೀರು ಹತ್ತೇ ಲೀಟರ್. ಬುಡಕ್ಕೆ ಹೊಯ್ಯುವ ತಾಮ್ರದ ಆಕ್ಸಿಕ್ಲೋರೈಡ್ ಶೇಕಡಾ 0.2, ಲೀಟರಿಗೆ ಎರಡು ಗ್ರಾಂ. ‘ಶತಮಾನ’ದ ಮುಂದೆ 0.2 ಎಂದು ಕಂಡರೆ ಯಾರಾದರೂ ಏನೆಂದು ತಿಳಿಯಬೇಕು? ಇಪ್ಪತ್ತು ವರ್ಷ?

ಮದ್ದಿನ ಪ್ರಮಾಣದ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಬೇರೆ ಕಾರಣವೂ ಇದೆ, ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ನಿಮಗೆ ಅದು ತಿಳಿದಿರಲೇಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆಯ ಹೆಸರು ಜಗತ್ತಿಗೆ ಗೊತ್ತಾದದ್ದು ಹಾಗೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಆ ವಿಷ ತಟ್ಟಿದ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ತಾಯಂದಿರು ಇನ್ನೂ ಆಸ್ಪತ್ರೆಗೆ ಬಸ್ಸು ಕಾಯುತ್ತಾರೆ. ಮೆಣಸಿನ ಪೊಳ್ಳು ಕೀಟಕ್ಕೆ ನೀವು ಕ್ವಿನಾಲ್‌ಫಾಸ್ ಹೇಳುತ್ತೀರಿ. ಸೊರಗಿಗೆ ಮೆಟಲಾಕ್ಸಿಲ್ ಹೇಳುತ್ತೀರಿ. ಹೇಳಬೇಕಾದ ಸಂದರ್ಭ ಇರಬಹುದು, ನಾನು ವಿಜ್ಞಾನಿಯಲ್ಲ. ಆದರೆ ಈ ಮಣ್ಣಿನಲ್ಲಿ ಓದಲಾಗದ ಭಾಷೆಯಲ್ಲಿ ವಿಷದ ಪ್ರಮಾಣ ಬರೆಯಬೇಡಿ. ಅರೆ ತಿಳಿಯುವ ಭಾಷೆಯಲ್ಲಂತೂ ಬೇಡವೇ ಬೇಡ.

ಪೊಳ್ಳು ಎಂದಾಗ ನೆನಪಾಯಿತು. ಆ ಪದಕ್ಕೆ ಅನುವಾದವೇ ಬೇಕಾಗಲಿಲ್ಲ ನೋಡಿ. ಒಳಗೆ ಕಾಳಿಲ್ಲದ್ದು ಪೊಳ್ಳು. ಮಲಯಾಳಕ್ಕೂ ಅದೇ, ನಮಗೂ ಅದೇ, ಇಂಗ್ಲಿಷಿನ ವಿಜ್ಞಾನ ಲೇಖನಗಳೂ ಆ ಕೀಟವನ್ನು ಪೊಳ್ಳು ಎಂದೇ ಕರೆಯುತ್ತವೆ. ಮಲಯಾಳದ ತಿಪ್ಪಲಿ ನಮ್ಮ ಹಿಪ್ಪಲಿ, ವಾಟ್ಟಂ ನಮ್ಮ ಬಾಡು. ನಾನು ಎರಡು ಭಾಷೆಗಳ ನಡುವೆ ಬೇಲಿ ಹಾಕಲು ಹೊರಟವನಲ್ಲ. ಅಕ್ಕತಂಗಿಯರಲ್ಲಿ ಯಾವ ಸೀರೆ ಯಾರದು ಎಂದು ಗೊತ್ತಿರುವವರು ಬರೆಯಲಿ ಎನ್ನುತ್ತಿದ್ದೇನೆ ಅಷ್ಟೆ.

ಇನ್ನು ಸಮಯ.

ಕರಪತ್ರ ನನ್ನ ಕೈಗೆ ಬಂದದ್ದು ಆಟಿಯಲ್ಲಿ, ಅಂದರೆ ಜುಲೈ ಕಳೆಯುತ್ತಾ ಬಂದಾಗ. ಮಲಯಾಳದ ಚಿಂಗಂ ಒಂದರ, ಅಂದರೆ ಆಗಸ್ಟ್ ನಡುವಿನ, ಕರ್ಷಕ ದಿನಕ್ಕೆ ಒಳ್ಳೆಯ ರೈತರಿಗೆ ಶಾಲು ಹೊದಿಸುವಾಗ ಇನ್ನೊಂದು ಕಟ್ಟು ಬಂತು. ಅಷ್ಟು ಹೊತ್ತಿಗೆ ಸಾಯಬೇಕಾದ ಬಳ್ಳಿ ಸತ್ತಿರುತ್ತದೆ. ಈ ರೋಗಕ್ಕೆ ಬಂದ ಮೇಲೆ ಮಾಡುವುದು ಕಡಿಮೆ, ಬರುವ ಮೊದಲು ಮಾಡುವುದೇ ಎಲ್ಲ. ನಮಗೆ ಅದರ ಗಡುವು ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಎಲ್ಲರೂ ತೋಟ ಗದ್ದೆಗೆ ಮರಳುತ್ತಾರೆ. ನಿಮ್ಮ ಕಾಗದ ಆ ಹೊತ್ತಿಗೆ ಮನೆಯಲ್ಲಿರಬೇಕು. ನಿಮ್ಮವರು ತಿರುವಾದಿರ ಞಾಟ್ಟುವೇಲ ಎಂದು ಸಂತೆ ಮಾಡಿ ಮೆಣಸಿನ ಬಳ್ಳಿ ಹಂಚುತ್ತಾರಲ್ಲ, ಅದು ನಮಗೆ ಆರಿದ್ರಾ ಮಳೆ. ಒಂದೇ ನಕ್ಷತ್ರ. ಪರಂಗಿಗಳು ಮೆಣಸಿನ ಬಳ್ಳಿ ಕೊಂಡೊಯ್ಯಲಿ, ನಮ್ಮ ತಿರುವಾದಿರದ ಮಳೆಯನ್ನು ಒಯ್ಯಲಾರರು ಎಂದು ಕೋಝಿಕ್ಕೋಡಿನ ಸಾಮೂದಿರಿ ಹೇಳಿದನೆಂಬ ಕಥೆ ನಿಮಗೂ ಗೊತ್ತು. ಮೆಣಸಿನ ಹೂಗೊಂಚಲು ಬಿಡುವುದು ಆ ಮಳೆಗೆ, ಪರಾಗ ಗೊಂಚಲಿನಲ್ಲಿ ಕೆಳಗಿಳಿಯುವುದೂ ಮಳೆಹನಿಯ ಜೊತೆಗೆ. ಅದೇ ಹನಿ ರೋಗವನ್ನೂ ತರುತ್ತದೆ ಎಂಬುದನ್ನು ಕಥೆ ಹೇಳುವುದಿಲ್ಲ.

ಬಳ್ಳಿ ಹಂಚುವ ದಿನವೇ ಬಳ್ಳಿ ಉಳಿಸುವ ಕಾಗದ ಕೊಟ್ಟರೂ ತಡವೇ. ನಾಲ್ಕು ವಾರ ಮೊದಲು ಬೇಕು.

ತಳಿಯ ಬಗ್ಗೆ ಎರಡೇ ಮಾತು. ಪನ್ನಿಯೂರು-1 ಒಳ್ಳೆಯ ತಳಿ. ಇಲ್ಲಿಂದ ತೆಂಕಕ್ಕೆ, ತಳಿಪರಂಬದ ಹತ್ತಿರ ಹುಟ್ಟಿದ್ದು, ಮೆಣಸಿನಲ್ಲಿ ಜಗತ್ತಿನ ಮೊದಲ ಸಂಕರ ತಳಿ, 1971ರಲ್ಲಿ ಬಿಡುಗಡೆಯಾದದ್ದು. ಆದರೆ ಅದಕ್ಕೆ ಬಿಸಿಲು ಬೇಕು. ಅಡಿಕೆಯ ನೆರಳಿನಲ್ಲಿ ಕರಿಮುಂಡ ತಳಿ ಕೊಡುವುದನ್ನು ಅದು ಕೊಡುವುದಿಲ್ಲ. ಬೈಲಿನ ತೋಟದವನಿಗೂ ಗುಡ್ಡದವನಿಗೂ ಒಂದೇ ಕಟ್ಟು ಹಂಚಬೇಡಿ. ರೋಗ ತಾಳಿಕೊಳ್ಳುವ ಶಕ್ತಿ, ತೇವಂ ಎಂಬ ತಳಿಗಳನ್ನು ಕೋಝಿಕ್ಕೋಡಿನ ಸಂಬಾರ ಸಂಶೋಧನಾ ಸಂಸ್ಥೆ ಕೊಟ್ಟಿದೆ ಎಂದು ನಾನು ತಿಳಿದದ್ದು ಪುತ್ತೂರಿನ ಕಡೆಯ ಕನ್ನಡ ಮಾಸಿಕದಿಂದ. ಕೇರಳದ ಸಂಸ್ಥೆಯ ಸುದ್ದಿ ಕೇರಳದ ರೈತನಿಗೆ ಕರ್ನಾಟಕದ ಮೂಲಕ ಬರುತ್ತದೆ! ಹಿಪ್ಪಲಿ ಕಸಿಯ ಸಂಗತಿಯೂ ಹಾಗೆಯೇ. ದಕ್ಷಿಣ ಅಮೆರಿಕದ ಕಾಡು ಹಿಪ್ಪಲಿಯ ಬೇರಿಗೆ ಈ ರೋಗ ಹತ್ತುವುದಿಲ್ಲ, ಅದರ ಮೇಲೆ ನಮ್ಮ ಬಳ್ಳಿ ಕಸಿ ಮಾಡಿ ನೀರು ನಿಲ್ಲುವ ಜಾಗದಲ್ಲಿ ನೆಡುತ್ತಾರೆ. ಗಡಿಯಾಚೆಯ ನರ್ಸರಿಯಿಂದ ನಾನೂ ಇಪ್ಪತ್ತು ತಂದೆ. ಬೇಸಿಗೆಯಲ್ಲಿ ಅದಕ್ಕೆ ಇತರ ಬಳ್ಳಿಗಳಿಗಿಂತ ಹೆಚ್ಚು ನೀರು ಬೇಕು, ಕೆಲವು ವರ್ಷ ಕಳೆದ ಮೇಲೆ ಕಸಿಯ ಗಂಟು ಕೈಕೊಡುವುದೂ ಉಂಟು ಎಂದು ಮಾರಿದವರು ಹೇಳಲಿಲ್ಲ. ಅದನ್ನು ಹೇಳಬೇಕಾದವರು ನೀವು. ಔಷಧಿಗೆ ಒಣಗಿಸುವ ಹಿಪ್ಪಲಿ ಇದಲ್ಲ ಎಂಬ ಒಂದು ಸಾಲೂ ಇರಲಿ, ನಮ್ಮೂರಿನಲ್ಲಿ ಒಬ್ಬರು ಕಾಯಿಗಾಗಿ ಎರಡು ವರ್ಷ ಕಾದರು.

ಬೆಲೆಯ ಬಗ್ಗೆ ನಿಮ್ಮಲ್ಲಿ ದೂರುವುದಿಲ್ಲ. 2015ರ ಆಸುಪಾಸಿನಲ್ಲಿ ಕಿಲೋಗೆ ಆರೇಳು ನೂರು ರೂಪಾಯಿ ನೋಡಿದೆವು, ನಾಲ್ಕು ವರ್ಷದಲ್ಲಿ ಅದು ಅರ್ಧಕ್ಕೆ ಇಳಿದುದನ್ನೂ ನೋಡಿದೆವು. 2017ರ ಡಿಸೆಂಬರಿನಲ್ಲಿ ಕೇಂದ್ರ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು, ಆದರೂ ಇಳಿಯುವುದು ಇಳಿಯಿತು. ವಿಯೆಟ್ನಾಮಿನ ಬೆಳೆಯನ್ನು ನೀವೂ ತಡೆಯಲಾರಿರಿ, ನಾನೂ ತಡೆಯಲಾರೆ. ಕರಪತ್ರ ಮಾತ್ರ ನಿಮ್ಮ ಕೈಯಲ್ಲಿದೆ.

ಕಾನೂನನ್ನೂ ಎಳೆದು ತರುವ ಇಷ್ಟವಿಲ್ಲ, ಆದರೆ ‘ಯಾವ ಆಧಾರದಲ್ಲಿ ಕೇಳುತ್ತೀರಿ’ ಎಂದು ಹಿಂದೊಮ್ಮೆ ಕೌಂಟರಿನಲ್ಲಿ ಕೇಳಿದ್ದರಿಂದ ಬರೆಯುತ್ತೇನೆ. ಯಾವುದೇ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡ, ತಮಿಳು ಆಡುವವರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಆ ಭಾಷೆಯಲ್ಲೇ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಇದು ಕಾಸರಗೋಡು ಯಾವ ರಾಜ್ಯಕ್ಕೆ ಸೇರಬೇಕೆಂಬ 1956ರ ಗಡಿಯ ವಾದ ಅಲ್ಲ. ಆ ವಾದಕ್ಕೆ ಬೇರೆ ವೇದಿಕೆಗಳಿವೆ, ಅಲ್ಲಿ ನನ್ನ ಧ್ವನಿಯೂ ಇದೆ. ಫೈಟಾಫ್ತೊರಾ ಮಾತ್ರ ಯಾವ ಆಯೋಗದ ವರದಿಯನ್ನೂ ಓದಿಲ್ಲ, ಚಂದ್ರಗಿರಿ ಹೊಳೆಯ ಎರಡೂ ದಂಡೆಗಳಲ್ಲಿ ಒಂದೇ ವೇಗದಲ್ಲಿ ಈಜುತ್ತದೆ.

ಬರಿದೆ ದೂರಿದರೆ ಸಾಲದು ಎಂದು ನಾನೇ ಒಂದು ಕರಡು ಮಾಡಿದ್ದೇನೆ. ವಿಷಯ ನಿಮ್ಮ ವಿಜ್ಞಾನಿಗಳದ್ದೇ, ಮಾತು ನಮ್ಮದು. ಹೀಗಿದೆ:

‘ಪತ್ತನಾಜೆಯ ಮೊದಲು ತೋಟದ ಕಣಿಗಳನ್ನೆಲ್ಲ ಬಿಡಿಸಿ. ಬಳ್ಳಿಯ ಬುಡದಲ್ಲಿ ಒಂದು ಗಳಿಗೆಯೂ ನೀರು ನಿಲ್ಲಬಾರದು. ನೆಲದಲ್ಲಿ ಹರಿದ ಹಬ್ಬು ಬಳ್ಳಿಗಳನ್ನು ಕತ್ತರಿಸಿ ತೆಗೆಯಿರಿ, ನೆಡಲು ಬೇಕಾದವನ್ನು ಮರಕ್ಕೆ ಎತ್ತಿ ಕಟ್ಟಿ. ಹೊರಗಿನ ಮರಗಳ ಗೆಲ್ಲು ಕಡಿದು ತೋಟಕ್ಕೆ ಬೆಳಕು ಬಿಡಿ. ಬುಡವನ್ನು ಅಗೆಯಬೇಡಿ, ಬೇರು ಗಾಯವಾದರೆ ರೋಗಕ್ಕೆ ಬಾಗಿಲು ತೆರೆದ ಹಾಗೆ. ಮಣ್ಣು ಸಿಡಿಯದಂತೆ ಬುಡಕ್ಕೆ ಸೊಪ್ಪು ಹಾಕಿ. ಕಳೆದ ವರ್ಷ ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

‘ಒಂದೆರಡು ಮಳೆ ಬಿದ್ದು ನೆಲ ತಂಪಾದ ಕೂಡಲೇ ಬೋರ್ಡೋ ಬಿಡಿ. ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಸುಣ್ಣದ ನೀರನ್ನು ತಿರುಗಿಸುತ್ತಾ ತುತ್ತಿನ ನೀರನ್ನು ಅದಕ್ಕೆ ನಿಧಾನವಾಗಿ ಹೊಯ್ಯಿರಿ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆಯಿರಿ. ಕತ್ತಿಗೆ ತಾಮ್ರದ ಕೆಂಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕಿ. ಅಡಿಕೆಗೆ ಮಾಡಿದಂತೆಯೇ. ಮಾಡಿದ ದಿನವೇ ಮುಗಿಸಿ. ಎಲೆಯ ಕೆಳಭಾಗಕ್ಕೂ ತಾಗಲಿ, ಮುಖ್ಯವಾಗಿ ಬುಡದ ಎಲೆಗಳಿಗೆ. ಬುಡಕ್ಕೆ ಹೊಯ್ಯಲು ಬೇರೆ ಮದ್ದು: ಲೀಟರಿಗೆ ಎರಡು ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್, ಬಳ್ಳಿಯ ಗಾತ್ರ ನೋಡಿ ಐದರಿಂದ ಹತ್ತು ಲೀಟರ್. ಬುಡ ಎಂದರೆ ಬಳ್ಳಿ ಮಣ್ಣಿಗೆ ಇಳಿಯುವ ಜಾಗ ಮತ್ತು ಅದರ ಸುತ್ತ ಒಂದು ಮೊಳ. ಇದನ್ನೇ ಸೋಣದ (ಆಗಸ್ಟ್-ಸೆಪ್ಟೆಂಬರ್) ಹೊತ್ತಿಗೆ ಮತ್ತೊಮ್ಮೆ ಮಾಡಿ.

‘ಟ್ರೈಕೋಡರ್ಮಾ ಹಾಕುವವರು ಅದನ್ನು ಬೇವಿನಹಿಂಡಿಯ ಜೊತೆ, ಬಳ್ಳಿಗೆ ಐವತ್ತು ಗ್ರಾಂ ಹಾಕಿ. ಅದು ಒಳ್ಳೆಯ ಶಿಲೀಂಧ್ರ, ಕೆಟ್ಟದ್ದನ್ನು ತಿನ್ನುತ್ತದೆ. ತಾಮ್ರದ ಮದ್ದು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ಆದ್ದರಿಂದ ಇವೆರಡನ್ನು ಬುಡಕ್ಕೆ ಒಟ್ಟಿಗೆ ಹಾಕಬೇಡಿ.’

ಇಷ್ಟೇ. ಒಂದು ಪುಟ. ಇದರಲ್ಲಿ ‘ಶೇಕಡಾ’ ಎಂಬ ಪದವನ್ನೂ ನಾನು ಬಿಟ್ಟಿದ್ದೇನೆ, ಕೊಡಪಾನದಲ್ಲಿ ಅಳೆಯುವವನಿಗೆ ಕಿಲೋ ಲೀಟರ್ ಸಾಕು. ಈ ಕರಡನ್ನು ಹಿರಿಯರ ಎದುರು ಗಟ್ಟಿಯಾಗಿ ಓದಿದೆ. ಎರಡು ಕಡೆ ತಡೆದರು. ‘ಹಬ್ಬು ಬಳ್ಳಿ’ ಎಂದಾಗ ‘ನೆಲಬಳ್ಳಿ ಎಂದೂ ಬರೆ, ಆಚೆ ಕರೆಯವರು ಹಾಗೆ ಹೇಳುತ್ತಾರೆ’ ಎಂದರು. ಇನ್ನೊಂದು, ನಾನು ಮೊದಲು ‘ಬುಡ’ ಎಂದಷ್ಟೇ ಬರೆದಿದ್ದೆ. ‘ಬುಡ ಎಂದರೆ ಯಾವುದು ಎಂದು ಬಿಡಿಸಿ ಬರೆ’ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನೀವು ಮಾಡಬೇಕಾದದ್ದು ಅದೇ ಕೆಲಸ. ಅಚ್ಚಿಗೆ ಹೋಗುವ ಮೊದಲು ಬದಿಯಡ್ಕದಲ್ಲೋ ಪೆರ್ಲದಲ್ಲೋ ಪೈವಳಿಕೆಯಲ್ಲೋ ಮೂವರು ಬೆಳೆಗಾರರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೋ ಅಲ್ಲಿ ತಿದ್ದಿ. ಖರ್ಚು ಮೂರು ಚಹಾ. ಈ ಜಿಲ್ಲೆಯಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆದಿದೆ, ಗಡಿಯಾಚೆಗೆ ವಿಟ್ಲದಲ್ಲಿ ಅಡಿಕೆಯದ್ದು ನಡೆಯುತ್ತಿದೆ, ಪಂಚಾಯತು ಪಂಚಾಯತಿಗೆ ಕೃಷಿ ಭವನ ಬಂದು ಮೂವತ್ತೈದು ವರ್ಷಕ್ಕೂ ಮಿಕ್ಕಿತು. ಇಷ್ಟೆಲ್ಲ ವಿದ್ಯೆ ಸುತ್ತ ಇರುವಾಗ ರೈತ ಒಂದು ಪದದಿಂದಾಗಿ ಏಣಿ ಹತ್ತಬೇಕಾಗಿ ಬರುವುದು ಬೇಡ.

ತಿದ್ದಲು ಕನ್ನಡ ಬಲ್ಲವರು ಸಿಗುವುದಿಲ್ಲ ಎನ್ನುತ್ತೀರಾದರೆ ನನ್ನನ್ನು ಕರೆಯಿರಿ. ಸಂಭಾವನೆ ಬೇಡ, ಬಸ್ಸಿನ ಖರ್ಚೂ ಬೇಡ. ಬಿಸು ಕಳೆದು ವಾರವಾಯಿತು. ಪತ್ತನಾಜೆಗೆ ಇನ್ನು ಐದು ವಾರ ಇದೆ. ತುತ್ತು ತಂದಿಟ್ಟಿದ್ದೇನೆ, ಸುಣ್ಣ ನಾಳೆ ಬರುತ್ತದೆ. ಹಿರಿಯರು ಸತ್ತ ನಲವತ್ತರ ಜಾಗದಲ್ಲಿ ಇಪ್ಪತ್ತೆಂಟು ಕರಿಮುಂಡ ನೆಟ್ಟಿದ್ದಾರೆ, ಈ ವರ್ಷ ಮೊದಲ ಗೊಂಚಲು ಬರಬೇಕು. ಬುಡಕ್ಕೆ ಮದ್ದು ನಾನೇ ನಿಂತು ಹೊಯ್ಯಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಇತಿ,
ಗಡಿಯ ಬೈಲಿನ ಒಬ್ಬ ಮೆಣಸು ಬೆಳೆಗಾರ

ಮರೆತಿದ್ದೆ: ಅಕ್ಷರ ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿಸಿ. ಹಿರಿಯರ ಒಂದು ಕಣ್ಣಿಗೆ ಪೊರೆ ತೆಗೆದದ್ದು ಕಳೆದ ತಿಂಗಳು, ಈ ಬಾರಿ ನನ್ನಿಂದ ಓದಿಸದೆ ತಾನೇ ಓದುತ್ತೇನೆ ಎನ್ನುತ್ತಿದ್ದಾರೆ.